ಸಿಕ್ಸ್ತಾಳ ದೋಣಿ ಆಟ

ಸಿಕ್ಸ್ತಾ ಒಂದು ಸಲ ದನಿ ಎತ್ತಿದಳೆಂದರೆ ಗ್ವಾಪಿ ನದಿಯ ಆಚೆ ದಡದ ನಾಯಿಗಳೂ ಎದ್ದು ಕೂರುತ್ತಿದ್ದವು. ಅಡುಗೆ ಬಾರದು, ನಾಲಿಗೆ ಮಾತ್ರ ಮೊಳದುದ್ದ. ಆದರೂ ನಾವು ಹೆಂಗಸರು ಚಿಪ್ಪು ಆಯಲು ಕಾಂಡ್ಲಾ ಕಾಡಿನ ಕೆಸರಿಗೆ ಇಳಿಯುವಾಗ ಮಕ್ಕಳನ್ನು ಬಿಟ್ಟುಹೋಗುತ್ತಿದ್ದುದು ಅವಳ ಮನೆಯಲ್ಲೇ. ಕಂಬಗಳ ಮೇಲೆ ನಿಂತ ಹಲಗೆ ಮನೆ ಅದು. ಮಕ್ಕಳು ಕುಣಿದರೆ ನೆಲವೇ ಮದ್ದಳೆ. ಬೀಜ ತುಂಬಿದ ಬಿದಿರು ಕೊಳವೆ, ನಮ್ಮ ಗ್ವಾಸಾ, ಅವಳ ಕೈಯಲ್ಲಿ ಗಲಗಲ ಎಂದರೆ ನಡೆಯಲು ಬಾರದ ಕೂಸೂ ಕೂತಲ್ಲೇ ಕುಂಡಿ ಕುಣಿಸುತ್ತಿತ್ತು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ದೋಣಿ ಆಟ. ಸುತ್ತಲೂ ಕಾಲು ಚಾಚಿ ಕೂರಬೇಕು, ಎಲ್ಲರಿಗಿಂತ ಸಣ್ಣವನನ್ನು ತಾಳಕ್ಕೆ ಸರಿಯಾಗಿ ತೂಗುತ್ತ ಮಡಿಲಿಂದ ಮಡಿಲಿಗೆ ದಾಟಿಸಬೇಕು. ಸುತ್ತು ಮುಗಿದಾಗ "ದಡ ಬಂತು, ಇಳಿ" ಎಂದು ಕಚಗುಳಿ. ಆ ಸಣ್ಣವನು ಯಾವಾಗಲೂ ಸಿಕ್ಸ್ತಾಳ ಮೊಮ್ಮಗ ಎಲಿಯೆಸೆರ್, ಮಗಳು ನೆಲ್ಫಾಳಿಗೆ ಇದ್ದ ಒಬ್ಬನೇ ಮಗ. ಕೆಸರಿನಿಂದ ಬಂದವಳು ನಾನೂ ಒಮ್ಮೊಮ್ಮೆ ಆಟಕ್ಕೆ ಕೂರುತ್ತಿದ್ದೆ.

"ಇವ್ನು ದೋಣಿ ಅಲ್ಲ ಕಣೆ ನೆಲ್ಫಾ, ಹಂದಿಮರಿ. ಎತ್ತಿ ಎತ್ತಿ ನನ್ ತೋಳು ಬಿದ್ದೋಯ್ತು," ಎನ್ನುತ್ತಿದ್ದೆ.

"ನಿನ್ ಕಣ್ ಬೀಳುತ್ತೆ, ಸುಮ್ನಿರಕ್ಕ," ಎಂದು ಅವಳು ನಗುತ್ತಿದ್ದಳು.

ಮಳೆಗಾಲದ ಜ್ವರ ಅವನನ್ನು ಕೊಂಡೊಯ್ದಿತು. ಆಸ್ಪತ್ರೆಗೆ ಹೊರಟಿದ್ದ ದೋಣಿ ಅರ್ಧ ದಾರಿಯಿಂದಲೇ ತಿರುಗಿ ಬಂತು.

ನಮ್ಮಲ್ಲಿ ಸಣ್ಣ ಮಕ್ಕಳು ಸತ್ತರೆ ಅಳುವಂತಿಲ್ಲ. ಪಾಪ ಅರಿಯದ ಮಗು ನೇರ ದೇವದೂತನಾಗುತ್ತದೆ; ಹೆತ್ತವಳ ಕಣ್ಣೀರು ಬಿದ್ದರೆ ರೆಕ್ಕೆ ನೆನೆದು ಹಾರಲಾರದು. ಅದಕ್ಕೇ ಹಾಡಿ, ಕುಣಿದು, ಆ ಮಗು ಆಡುತ್ತಿದ್ದ ಆಟಗಳನ್ನೇ ಆಡಿ ಕಳಿಸಿಕೊಡುತ್ತೇವೆ. ಊರಲ್ಲಿ ಯಾವ ಮಗು ಹೋದರೂ ಹಾಡು ಎತ್ತುವವಳು ಸಿಕ್ಸ್ತಾ. ನನ್ನ ಮಗಳು ಹೋದಾಗ ನನ್ನ ಬಾಯಿ ಮುಚ್ಚಿಸಿದವಳೂ ಅವಳೇ. ಆ ಸಿಟ್ಟು ಇನ್ನೂ ಇದೆ, ಸುಳ್ಳೇಕೆ ಹೇಳಲಿ.

ಸ್ಮಶಾನ ಇರುವುದು ನದಿ ಹರಿದುಹೋಗುವ ದಿಕ್ಕಿನಲ್ಲಿ, ಕೆಳಗೆ. ನೀರಿನ ಇಳಿತ ಶುರುವಾಗುತ್ತಲೇ ದೋಣಿ ಹೊರಡಬೇಕೆಂದು ಬೆಳಗ್ಗೆಯೇ ಎಲ್ಲರೂ ಸೇರಿದೆವು. ಎಲಿಯೆಸೆರ್‌ಗೆ ಬಿಳಿ ಅಂಗಿ, ತಲೆಗೆ ಕಾಗದದ ಹೂ. ಮಕ್ಕಳು ಎಂದಿನಂತೆ ಕಾಲು ಚಾಚಿ ಕೂತವು. ಡೋಲಿನ ಪೆಟ್ಟಿಗೆ ಸಿಕ್ಸ್ತಾ ಹಾಡು ಎತ್ತಿದಳು, ಅವನು ಮಡಿಲಿಂದ ಮಡಿಲಿಗೆ ಹೊರಟ. ಕೊನೆಯ ಮಡಿಲು ಪಕ್ಕದ ಮನೆಯ ಪುಟ್ಟ ಯುರ್ಲೇನಿಯದು. ಅವಳು ಅವನ ಕಂಕುಳಿಗೆ ಬೆರಳಿಟ್ಟಳು.

"ದಡ ಬಂತು, ಇಳಿಯೋ." ಸ್ವಲ್ಪ ಕಾದು ಮುಖ ಊದಿಸಿಕೊಂಡಳು. "ಅಜ್ಜೀ, ಇವ್ನು ನಗ್ತಾನೇ ಇಲ್ಲ. ಆಟ ಕೆಡಿಸ್ತಾನೆ."

ಡೋಲು ಬಾರಿಸುವವನ ಕೈ ನಿಂತುಹೋಯಿತು. ನೆಲ್ಫಾಳ ಗಂಟಲಿಂದ ಏನೋ ಹೊರಟಿತು. ಸಿಕ್ಸ್ತಾ ಗ್ವಾಸಾ ಆಡಿಸುತ್ತಲೇ ಮಗಳ ಬಳಿಗೆ ಹೋದಳು.

"ಬೇಡ ಕಣೆ. ರೆಕ್ಕೆ ನೆನೆಯುತ್ತೆ."

"ನೆನೀಲಿ ಬಿಡವ್ವ. ಹಾರದೇ ಹೋದ್ರೆ ಇಲ್ಲೇ ಇರ್ತಾನಲ್ಲ."

"ಹಂಗನ್ಬಾರ್ದು. ನಡುದಾರೀಲಿ ಸಿಕ್ಕಾಕ್ಕೊಳ್ತಾನೆ ಕೂಸು. ನುಂಗ್ಕೋ. ನುಂಗ್ಕೋ ನನ್ನವ್ವ."

ನೆಲ್ಫಾ ನುಂಗಿಕೊಂಡಳು. ಸಿಕ್ಸ್ತಾ ಹಾಡಿದಳು, ಅಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ. ಆ ಡೋಲನ್ನು ಎತ್ತಿ ಅವಳ ತಲೆಯ ಮೇಲೆ ಒಡೆಯಬೇಕು ಎನಿಸಿತು ನನಗೆ.

ಅಲ್ಲಿಂದೀಚೆಗೆ ನೆಲ್ಫಾ ಕೆಸರಿಗೆ ಬರುತ್ತಾಳೆ, ಚಿಪ್ಪು ಆಯುತ್ತಾಳೆ, ಬೇಯಿಸಿದ ಬಾಳೆಕಾಯಿ ಕೊಟ್ಟರೆ ತಿನ್ನುತ್ತಾಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಯಾರ ಮಗು ಅತ್ತರೂ ಆ ಕಡೆ ತಿರುಗುವುದಿಲ್ಲ. ಮೊದಮೊದಲು ಮಗಳ ಗಟ್ಟಿತನವನ್ನು ಹೊಗಳಿಕೊಂಡು ತಿರುಗಿದ ಸಿಕ್ಸ್ತಾಳಿಗೆ ಬರಬರುತ್ತ ಹೆದರಿಕೆ ಹತ್ತಿತು. ಕಳೆದ ವಾರ ನಾವು ಮೂವರೂ ದಡದಲ್ಲಿ ಚಿಪ್ಪು ತೊಳೆಯುತ್ತಿದ್ದಾಗ ಮಗಳ ಮುಂದೆ ಕುಕ್ಕರಿಸಿದಳು. ಅವಳು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

"ಈಗ ಅಳು ಮಗಳೇ. ಅವ್ನು ಎಂದೋ ಸೇರ್ಕೊಂಡಿರ್ತಾನೆ, ಇನ್ನು ರೆಕ್ಕೆ ನೆನೆಯಲ್ಲ. ಒಂದ್ಸಲ ಅತ್ಬಿಡು. ನಾನೇ ಹೇಳ್ತಿದೀನಲ್ಲ."

ನೆಲ್ಫಾ ತೊಳೆಯುವ ಕೈ ನಿಲ್ಲಿಸಲಿಲ್ಲ.

"ಈಗ ಬರಲ್ಲ ಅವ್ವ," ಎಂದಳು. "ಆವತ್ತು ಬಂದಿತ್ತು."