ಬಾಳೆ ನೆರಳಿನ ಕುರ್ತಾ

ಗೆಳೆಯರೇ, ನನ್ನ ‘ಎಲೆಬಿಸಿಲು’ ಉಡುಪು ಸಂಗ್ರಹದ ಮುಖ್ಯ ಕುರ್ತಾವನ್ನು ಇವತ್ತು ನಿಂಬೆಹಣ್ಣು ಹಾಕಿ ತಿಕ್ಕಲಾಗಿದೆ.

ಬಾಳೆ ಎಲೆಗಳ ಸಂದಿಯಿಂದ ಇಳಿಯುವ ಬಿಸಿಲೇ ಈ ಉಡುಪುಗಳ ವಿನ್ಯಾಸ. ಕೆನೆಬಣ್ಣದ ಬಟ್ಟೆಯ ಮೇಲೆ ಕುಂಚದಿಂದ ಕಂದು ನೆರಳು ಬರೆದು, ನಡುನಡುವೆ ಬೆಳಕಿಗೆ ಜಾಗ ಬಿಟ್ಟಿದ್ದೆ. ಭಾನುವಾರ ಕಲಬುರಗಿಯಲ್ಲಿ ಪ್ರದರ್ಶನ. ಬಣ್ಣವನ್ನು ಹಬೆಗಿಟ್ಟು ಗಟ್ಟಿ ಮಾಡುವ ಮೊದಲೇ, ಫೋಟೊದ ಆಸೆಗೆ ಕಮಲಾಪುರದ ದೊಡ್ಡವ್ವನ ಬಾಳೆತೋಟಕ್ಕೆ ಒಯ್ದೆ. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುರ್ತಾ ಇತ್ತು.

“ದೊಡ್ಡವ್ವಾ, ಏನ್ ಮಾಡಾಕತ್ತೀ?”

ಕಣ್ಣು ತುಸು ಮಂಜಾಗಿರುವ ದೊಡ್ಡವ್ವ ತಲೆ ಎತ್ತಲಿಲ್ಲ. “ಬಾಳಿ ರಸದ ಕಲಿ ಹತ್ಯಾವ ನೋಡವ್ವ. ಹಳೀವಾದ್ರ ಹೋಗಂಗಿಲ್ಲ. ಇವು ಹಸೀ ಅದಾವ, ಬಿಡಾಕತ್ತಾವ.”

“ಅವು ಕಲಿ ಅಲ್ಲ! ನಾನೇ ಬರದೀನಿ, ನೆರಳದು!”

“ನಾಕು ಮಂದಿ ಮುಂದ ಇಂಥಾದ್ ಹಾಕ್ಕೊಂಡು ನಿಂದ್ರಬ್ಯಾಡವ್ವ. ನನ್ನ ಸೀರಿಗೆಲ್ಲಾ ಇದ್ದದ್ದ ಐತಿ. ನಿನ್ನ ಬಟ್ಟಿಗ್ಯಾಕ ಬೇಕು?”

ಬಯ್ಯಲು ಬಾಯಿ ತೆರೆದಾಗ ಅವಳ ಸೆರಗು ಕಣ್ಣಿಗೆ ಬಿತ್ತು. ಅದರ ತುಂಬ ಎಂದೂ ಹೋಗದ ಬಾಳೆಕಲೆ.

ಬಣ್ಣ ಕಳೆದುಕೊಂಡ ಕುರ್ತಾವನ್ನು ಬಾಳೆಗಿಡಗಳ ನಡುವಿನ ಹಗ್ಗಕ್ಕೆ ಹಾಕಿದೆ. ನಾನು ವಾರಗಟ್ಟಲೆ ಕೂತು ಬರೆದದ್ದನ್ನು ಬಿಸಿಲು ಒಂದೇ ಗಳಿಗೆಯಲ್ಲಿ ಅದರ ಮೇಲೆ ಬರೆಯಿತು. ಫೋನ್ ತರಲು ಒಳಗೆ ಓಡಿದೆ. ಹಿಂದಿನಿಂದ ದೊಡ್ಡವ್ವನ ಕೂಗು ಕೇಳಿಸಿತು: “ಅಯ್ಯ ಶಿವನೇ, ಮತ್ತ ಎದ್ದಾವಲ್ಲ!”

ಸದ್ಯ ಕುರ್ತಾ ಮತ್ತೆ ಕಲ್ಲಿನ ಮೇಲಿದೆ. ತೋಟದ ನೆರಳು ಎರಡನೇ ಒಗೆತದಲ್ಲಾದರೂ ಹೋದೀತೆಂದು ದೊಡ್ಡವ್ವ ನಂಬಿದ್ದಾಳೆ.