ಹೋಲಿಕೆ ಒಡೆಯುತ್ತಿದ್ದ ಕೃಪಾವತಿ ಅಕ್ಕೋರು

ಕೃಪಾವತಿ ಅಕ್ಕೋರು ಎದ್ದು ನಿಂತು ಸೆರಗು ಕೊಡವಿದರೆ ಸಾಕು, ನಮ್ಮ ರಾಣೆಬೆನ್ನೂರಿನ ಚರ್ಚಿನಲ್ಲಿ ಮುಂದಿನ ಬೆಂಚಿನವರೆಲ್ಲ ಸೀನುತ್ತಿದ್ದರು. ಅವರ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂಬದಿಗೆ. ಸುಗ್ಗಿಯಲ್ಲಿ ಆ ಓಣಿಯ ಗಾಳಿಗೇ ಖಾರ ಹತ್ತಿರುತ್ತದೆ. ಸೀರೆಯನ್ನು ಎಷ್ಟು ಒಗೆದರೂ ಘಾಟು ಬಿಡುತ್ತಿರಲಿಲ್ಲ. "ಉಳದವರು ಸೆಂಟ್ ಹೊಡಕೊಂಡು ಬರ್ತಾರ, ನಾ ಖಾರಪುಡಿ ಹಚಗೊಂಡು ಬರ್ತೇನಿ. ಪ್ರಸಂಗದಾಗ ನಿದ್ದಿ ಮಾಡೋರಿಗೆ ಎಚ್ಚರ ಆಗ್ಲಿ ಅಂತ," ಎಂದು ಅವರೇ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

ಗಿಡ್ಡ ಆಳು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಕೈಚೀಲದಲ್ಲಿ ಹುಡುಕುವ ಅಭ್ಯಾಸ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಮರದಡಿ ನಮಗೆ ದೃಢೀಕರಣದ ಪಾಠ ಹೇಳುತ್ತಿದ್ದರು. ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರು ದೊಡ್ಡವರಾದ ಮೇಲೆ ಸಭೆಯ ಮುಂದೆ ನಿಂತು, 'ನಾನು ನಂಬುತ್ತೇನೆ' ಎಂದು ತಮ್ಮ ಬಾಯಿಂದಲೇ ಹೇಳುವುದು ದೃಢೀಕರಣ. ಅದಕ್ಕೆ ಬಿಷಪ್ಪರೇ ಬಂದು ತಲೆಯ ಮೇಲೆ ಕೈಯಿಡಬೇಕು. ಅಕ್ಕೋರು ಕುಳಿತು ಪಾಠ ಹೇಳಿದ್ದನ್ನು ನಾನು ಕಂಡಿಲ್ಲ. ಮಾತು ರಂಗೇರಿದ ಹಾಗೆ ಅವರು ಬೇವಿನ ಮರವನ್ನು ಸುತ್ತುತ್ತಿದ್ದರು. ನಾವು ಕುಳಿತಲ್ಲೇ ಕತ್ತು ತಿರುಗಿಸಿ ತಿರುಗಿಸಿ ಕೇಳಬೇಕಾಗುತ್ತಿತ್ತು.

ಅವರು ನಮ್ಮ ಸಭೆಗೆ ಹಚ್ಚಿದ ಒಂದು ಚಟವನ್ನು ಹೇಳಲೇಬೇಕು. ವರ್ಷಕ್ಕೊಮ್ಮೆ, ಪೆಂತೆಕೊಸ್ತ್ ಹಬ್ಬದ ಮರುವಾರ, ತ್ರಿಯೇಕ ದೇವರ ಭಾನುವಾರ ಬರುತ್ತದೆ. ತಂದೆ, ಮಗ, ಪವಿತ್ರಾತ್ಮ – ಈ ಮೂವರೂ ಒಬ್ಬನೇ ದೇವರು ಎಂದು ನೆನೆಯುವ ದಿನ. ಬೇರೆ ಊರುಗಳಲ್ಲಿ ಒಂದು ಪ್ರಸಂಗ, ಎರಡು ಕೀರ್ತನೆ, ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಆರಾಧನೆಯಾದ ಮೇಲೆ ಅಂಗಳದಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಆಗ ಯಾರು ಬೇಕಾದರೂ ಒಂದು ಹೋಲಿಕೆ ತರಬಹುದು: ಮೂರು ಹೇಗೆ ಒಂದಾಗಿರುತ್ತದೆ ಎಂದು ತೋರಿಸುವ ಹೋಲಿಕೆ. ಅಕ್ಕೋರು ಕಣ್ಣು ಅರಳಿಸಿಕೊಂಡು ಕೊನೆಯವರೆಗೂ ಕೇಳುತ್ತಿದ್ದರು. ಆಮೇಲೆ ಅದರಲ್ಲಿರುವ ಬಿರುಕನ್ನು ತೋರಿಸಿ, ಅಂಗೈಗೆ ಅಂಗೈ ಬಡಿದು, "ಒಡೀತು!" ಎನ್ನುತ್ತಿದ್ದರು. ಇಡೀ ಸಭೆ ಅವರ ಸಂಗಡ "ಒಡೀತು!" ಎಂದು ಕೂಗುತ್ತಿತ್ತು. ಯಾರ ಹೋಲಿಕೆ ಒಡೆಯಿತೋ ಅವರಿಗೆ ಒಂದು ಮಿರ್ಚಿ ಹೆಚ್ಚು.

"ಹಿಂಗ ಒಡಕೊಂತ ಹೋದ್ರ ಮಂದಿ ನಂಬಿಕಿ ಕಳಕೊಂಡಾರ್ರಿ," ಎಂದು ಯಾರೋ ಹಿರಿಯರು ಒಮ್ಮೆ ತಕರಾರು ತೆಗೆದರು. ಅಕ್ಕೋರು ಅವರ ತಟ್ಟೆಗೂ ಮಿರ್ಚಿ ಹಾಕಿ, "ಹೋಲಿಕಿ ಒಡದ್ರ ದೇವರು ಒಡ್ಯಾಂಗಿಲ್ರಿ. ಒಡೀದ ಉಳದ್ರ ನೋಡ್ರಿ ತ್ರಾಸ. ಅದ ಹೋಗಿ ದೇವರ ಕುರ್ಚಿ ಮ್ಯಾಲೆ ಕುಂದರತೈತಿ," ಎಂದರು.

ಒಂದು ವರ್ಷ ಕುಪ್ಪೇಲೂರಿನ ರೈತ ದಾನಿಯಪ್ಪ ಬಾಯಿಮಾತಿನ ಹೋಲಿಕೆ ಸಾಲದೆಂದು ಬೀಜ ಬಿತ್ತುವ ತನ್ನ ಮೂರು ಸಾಲಿನ ಕೂರಿಗೆಯನ್ನೇ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ. ಅಂಗಳದ ನಡುವೆ ನಿಲ್ಲಿಸಿ, ಮೇಲಿನ ಬಟ್ಟಲಿಗೆ ಜೋಳ ಸುರಿದ. ಕಾಳು ಮೂರು ಕೊಳವೆಗಳಲ್ಲಿ ಇಳಿದು ಮೂರು ಸಾಲಾಗಿ ಬಿತ್ತು. "ಬಟ್ಟಲ ಒಂದ, ಬೀಜ ಒಂದ, ಸಾಲು ಮೂರು. ಈಗ ಒಡೀರಿ ನೋಡೂಣು!" ಎಂದು ಮೀಸೆ ತಿರುವಿದ. ಅಕ್ಕೋರು ಕೂರಿಗೆಯ ಸುತ್ತ ಎರಡು ಸುತ್ತು ಹಾಕಿದರು. ಬಟ್ಟಲೊಳಗೆ ಇಣುಕಿದರು. ಅವರ ಮುಖ ಹಬ್ಬದ ಮುಖವಾಗಿತ್ತು. "ಏ ದಾನಿಯಪ್ಪಾ, ಎಂಥಾದ್ದ ತಂದೀಯೋ! ಆದ್ರ ಈ ಬಟ್ಟಲ ಯಾರು? ತಂದಿ, ಮಗ, ಆತ್ಮ ಮೂವರೂ ಕೆಳಗ ಕೊಳವಿ ಆದ್ರು. ಅವರ ಮ್ಯಾಲೆ ನಾಕನೇದವ ಒಬ್ಬ ಕುಂತಾನಲ್ಲ! ಮೂವರ ಹಿಂದ ಬ್ಯಾರೆ ದೇವರಿಲ್ಲೋ. ಆ ಮೂವರೇ ದೇವರು."

"ಒಡೀತು!" ಎಂದು ಎಲ್ಲರಿಗಿಂತ ದೊಡ್ಡದಾಗಿ ಕೂಗಿದವನು ದಾನಿಯಪ್ಪನೇ.

ನನ್ನ ಚಿಗವ್ವ ಹಾವೇರಿಯವಳು, ಏಲಕ್ಕಿ ಹಾರ ಮಾಡುವವಳು. ಅವಳು ಒಂದು ಏಲಕ್ಕಿ ಸುಲಿದು, ಒಂದೇ ಸಿಪ್ಪೆಯೊಳಗೆ ಮೂರು ಮನೆ ತೋರಿಸಿದಳು. ಅದು ಎಷ್ಟು ಚೆಂದವಿತ್ತೆಂದರೆ ಅಕ್ಕೋರು ಒಡೆಯುವ ಮೊದಲು ವಾಸನೆ ನೋಡಿದರು. "ಒಂದ ಮನಿ ಅಂದ್ರ ಮೂರನೇ ಪಾಲು ಏಲಕ್ಕಿ. ಮಗ ಮೂರನೇ ಪಾಲು ದೇವರಲ್ಲ, ಪೂರ್ತಿ ದೇವರು," ಎಂದು ಒಡೆದು, ಕಾಳನ್ನು ಬಾಯಿಗೆ ಹಾಕಿಕೊಂಡರು.

ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಶಬಾನಾ ಕೇಳುವವರೆಗೆ. ಶಬಾನಾ ನನ್ನ ಜೊತೆ ಬಿ.ಎಸ್ಸಿ. ಓದುತ್ತಿದ್ದ ಗೆಳತಿ. ಒಂದು ದಿನ ಕ್ಯಾಂಟೀನಿನಲ್ಲಿ, ಕೆಣಕಲಿಕ್ಕಲ್ಲ, ನಿಜವಾಗಿ ತಿಳಿಯಲಿಕ್ಕೆಂದೇ, "ಪ್ರಭಾ, ನಿಮ್ಮ ದೇವರು ಒಬ್ಬನೋ ಮೂವರೋ?" ಎಂದಳು. ನಾನು ನೀರು, ಮಂಜುಗಡ್ಡೆ, ಆವಿ ಎಂದು ಶುರುಮಾಡಿದೆ. ಅರ್ಧಕ್ಕೇ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಹುಟ್ಟಿದಾಗಿನಿಂದ ಮೂರು ಹೆಸರು ಹೇಳಿಕೊಂಡು ಬಂದವಳಿಗೆ ಒಂದು ಪ್ರಶ್ನೆಗೆ ಉತ್ತರವಿಲ್ಲ. ಆ ವರ್ಷವೇ ನನ್ನ ದೃಢೀಕರಣ. ಬಿಷಪ್ಪರು ಬರುವ ದಿನ ಗೊತ್ತಾಗಿತ್ತು, ಅದೂ ತ್ರಿಯೇಕ ಭಾನುವಾರವೇ. ಅವ್ವ ಅಂದು ಉಡಲೆಂದು ಬಿಳಿ ಸೀರೆ ತಂದಿಟ್ಟಿದ್ದಳು. ನಾನು ಮನೆಯಲ್ಲಿ ಹೇಳಿಬಿಟ್ಟೆ: ತಿಳಿಯದ್ದನ್ನು ನಂಬುತ್ತೇನೆ ಎಂದು ನಾಲ್ಕು ಜನರ ಮುಂದೆ ಸುಳ್ಳು ಹೇಳಲಾರೆ, ನಾನು ನಿಲ್ಲುವುದಿಲ್ಲ.

ಅವ್ವ ಅಳುತ್ತಾ ಅಕ್ಕೋರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅವರ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು. "ಅಳತೀಯೇನ ಹುಚ್ಚಿ! ನಿನ್ನ ಮಗಳು ದೇವರ ಸಲುವಾಗಿ ನಿದ್ದಿಗೆಟ್ಟಾಳ! ಹೋಳಿಗಿ ಮಾಡು! ಮತ್ತ, ಒಪ್ಪದ ಬಾಯಾಗ ಆಮೆನ್ ತುರುಕಬ್ಯಾಡ. ಆಕಿನ್ನ ನನ್ನ ಕಡೆ ಕಳಸು."

ಹೋದೆ. ಬರಿಗೈಲಿ ಹೋಗಲಿಲ್ಲ, ಭೌತಶಾಸ್ತ್ರ ಓದುವವಳು ನಾನು, ನೀರನ್ನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ನನ್ನ ಈ ನೀರಿನ ಹೋಲಿಕೆಯನ್ನು ಅಕ್ಕೋರು ಹಿಂದಿನ ವರ್ಷದ ತ್ರಿಯೇಕ ಭಾನುವಾರ ಒಂದೇ ಏಟಿಗೆ ಒಡೆದಿದ್ದರು: "ದೀಕ್ಷಾಸ್ನಾನಕ್ಕಂತ ಯೊರ್ದನ್ ಹೊಳಿಯೊಳಗ ಮಗ ನೀರಾಗ ನಿಂತಾನ, ಆತ್ಮ ಪಾರಿವಾಳದಂಗ ಇಳದಾನ, ತಂದಿ ಮ್ಯಾಲಿಂದ ಮಾತಾಡ್ಯಾನ. ಮೂವರೂ ಒಂದ ಹೊತ್ತಿಗೆ! ನಿನ್ನ ನೀರು ಒಂದ ಹೊತ್ತಿಗೆ ಮೂರೂ ಆಗತೈತೇನ?" ಆಗುತ್ತದೆ! ಒಂದು ನಿರ್ದಿಷ್ಟ ಒತ್ತಡ, ಒಂದು ನಿರ್ದಿಷ್ಟ ತಾಪ ಕೂಡಿ ಬಂದರೆ ನೀರು ಒಂದೇ ಪಾತ್ರೆಯಲ್ಲಿ ಹೆಪ್ಪುಗಟ್ಟುತ್ತಾ, ಕುದಿಯುತ್ತಾ, ಹರಿಯುತ್ತಾ ಇರುತ್ತದೆ. ಬ್ಯಾಡಗಿಯ ಅವರ ಪಡಸಾಲೆಯಲ್ಲಿ ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದೆ.

ಅಕ್ಕೋರು ನಿಂತಲ್ಲಿ ನಿಲ್ಲಲಿಲ್ಲ. "ಅಯ್ಯಯ್ಯ! ಕುದ್ಯಾಕತ್ತೈತಿ, ಗಡ್ಡಿನೂ ಆಗಾಕತ್ತೈತಿ! ಮತ್ತೊಮ್ಮಿ ಹಚ್ಚು!" ಮತ್ತೊಮ್ಮೆ, ಮಗದೊಮ್ಮೆ. ಆಮೇಲೆ ಪಕ್ಕದ ಮನೆಯ ಶಂಕ್ರವ್ವನನ್ನು ಕೂಗಿ ಕರೆದರು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕುಳಿತಿದ್ದ ಶಂಕ್ರವ್ವ ಕೈಯೊರೆಸಿಕೊಂಡು ಬಂದು ನೋಡಿ, "ಫ್ರಿಜ್ಜ ಕೆಟ್ಟೈತೇನ್ರಿ?" ಎಂದಳು. ನಾನು ಗೆದ್ದೆ ಎಂದುಕೊಂಡೆ. ಅಕ್ಕೋರು ನನ್ನ ಗಲ್ಲ ಹಿಡಿದು ಅಲುಗಾಡಿಸಿದರು. "ಶಾಣ್ಯಾಕಿ! ಇಷ್ಟ ವರ್ಷದಾಗ ಇಂಥಾದ್ದ ಯಾರೂ ತಂದಿರಲಿಲ್ಲ. ಆದ್ರ ಗಡ್ಡಿ ಆದ ನೀರು ಬ್ಯಾರೆ, ಆವಿ ಆದ ನೀರು ಬ್ಯಾರೆ. ಮತ್ತ ಪಾಲು ಆತಲ್ಲ. ತಂದಿ ಪೂರ್ತಿ ದೇವರು, ಮಗ ಪೂರ್ತಿ, ಆತ್ಮ ಪೂರ್ತಿ. ಆದ್ರೂ ದೇವರು ಒಬ್ಬನ."

ಅಂಗೈ ಬಡಿಯಲು ಎತ್ತಿದ್ದವರು, ನನ್ನ ಮುಖ ನೋಡಿ ಕೈ ಇಳಿಸಿದರು. ನನಗೆ ಅಳು ಬಂದಿತ್ತು. "ಎಲ್ಲಾ ಒಡದ್ರ ಉಳಿಯೂದೇನ್ರಿ ಅಕ್ಕೋರ? ಶಬಾನಾಗ ಏನ್ ಹೇಳ್ಲಿ? ನಾ ಏನಂತ ಎದ್ದು ನಿಂದ್ರಲಿ?"

ಅಂದು ಮೊದಲ ಬಾರಿಗೆ ಅವರು ಕುಳಿತು ಮಾತಾಡಿದರು.

"ಆಕಿ ಕೇಳಿದ್ದು ಬರೋಬರಿ ಐತಿ. ದೇವರು ಒಬ್ಬನ ಅಂತ ನಾವೂ ಅಂತೇವಿ, ಅಲ್ಲಿಂದನ ಸುರು ಮಾಡು," ಎಂದರು. "ನಮ್ಮ ಯಜಮಾನರು ತೀರಿಕೊಂಡಾಗ ನಾ ದೇವರ ಮ್ಯಾಲೆ ಭಾಳ ಸಿಟ್ಟಾಗಿದ್ದೆ. ಒಬ್ಬಾಕಿಗೆ ಅಂತ ಚಾ ಇಡೋದು ಅಂದ್ರ ಮೈ ಉರೀತಿತ್ತು. ಒಂದ ದಿನ ಮುಂಜಾನೆ ಒಲಿ ಮುಂದ ನಿಂತು ಕೇಳಿದೆ: ನೀ ಪ್ರೀತಿ ಅಂತಾರಲ್ಲ, ಲೋಕ ಮಾಡೂಕಿಂತ ಮದಲ ನೀ ಯಾರನ್ನ ಪ್ರೀತಿ ಮಾಡತಿದ್ದಿ? ನೀನೂ ನನ್ನಂಗ ಒಂಟಿ ಇದ್ದೇನ? ಕೇಳಿದ್ದಷ್ಟ, ಹುಡುಗಿ, ಕೈಯಾಗಿನ ಚಾ ಸೋಸೋ ಸಾಣಗಿ ಬಿತ್ತು! ಇಷ್ಟ ದಿನ ಹುಡುಗರಿಗೆ ಕಲಿಸಿದ್ದು ಇದನ ಅಲ್ಲೇನ! ತಂದಿಗೆ ಮಗ ಇದ್ದ. ಮಗಗ ತಂದಿ ಇದ್ದ. ಆತ್ಮ ಇಬ್ಬರೊಳಗೂ ಇದ್ದ. ಯಾವ ಕಾಲಕ್ಕೂ ಇದ್ರು. ದೇವರು ಒಬ್ಬನ, ಆದ್ರ ಒಂಟಿ ಅಲ್ಲ! ಬ್ಯಾಸರಕ್ಕ ನಮ್ಮನ್ನ ಹುಟ್ಟಿಸಿಲ್ಲ ಆಂವ, ತುಂಬಿ ತುಳುಕಿ ಹುಟ್ಟಿಸ್ಯಾನ!" ಹೇಳುತ್ತಾ ಹೇಳುತ್ತಾ ಅವರು ಆಗಲೇ ಎದ್ದು ನಿಂತಿದ್ದರು.

"ಇದನ್ನ ಒಡೀರಿ," ಎಂದೆ.

"ಒಡ್ಯಾಕ ನೋಡೇನಿ. ಇದೂ ಪೂರ್ತಿ ಅಲ್ಲ. ಹೊಸ್ತಿಲ ಅಷ್ಟ. ಆದ್ರ ಇದು ಹೋಲಿಕಿ ಅಲ್ಲಲ್ಲ. ನಾ ಇದರ ಮ್ಯಾಲೆ ನಿಂತು ಬದುಕೇನಿ." ಆಮೇಲೆ, "ನಿಂದ್ರೂದು ಬಿಡೂದು ನಿನಗ ಬಿಟ್ಟದ್ದು," ಎಂದು ಮಾತು ಮುಗಿಸಿ ಚಹಾಕ್ಕಿಟ್ಟರು.

ಬಿಷಪ್ಪರು ಬಂದ ದಿನ ನಾನು ದೃಢೀಕರಣದವರ ಬೆಂಚಿನಲ್ಲಿ ಕೂರಲಿಲ್ಲ. ಬಿಳಿ ಸೀರೆ ಉಟ್ಟಿದ್ದೆ, ಆದರೆ ಅವ್ವನ ಪಕ್ಕ ಕುಳಿತಿದ್ದೆ. ಮನಸ್ಸು ಇನ್ನೂ ತೂಗುತ್ತಿತ್ತು. ಚರ್ಚು ಕಿಕ್ಕಿರಿದಿತ್ತು. ಬಿಷಪ್ಪರು ಮೃದುವಾದ ದನಿಯಲ್ಲಿ ಪ್ರಸಂಗ ಆರಂಭಿಸಿದರು. "ಪ್ರಿಯರೇ, ತ್ರಿಯೇಕ ದೇವರನ್ನು ಅರಿಯುವುದು ಹೇಗೆ? ನೀರನ್ನೇ ನೋಡಿ. ಅದು ಮಂಜುಗಡ್ಡೆಯೂ ಆಗುತ್ತದೆ, ಆವಿಯೂ ಆಗುತ್ತದೆ..."

ಹಿಂದಿನಿಂದ ಚಟ್ಟನೆ ಒಂದು ಚಪ್ಪಾಳೆ. "ಒಡೀತು!"

ದಾನಿಯಪ್ಪ. ಅವನು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ, ವರ್ಷಗಳ ಅಭ್ಯಾಸ ನೋಡಿ, ಇಡೀ ಸಭೆ ಒಂದೇ ಗಂಟಲಲ್ಲಿ "ಒಡೀತು!" ಎಂದುಬಿಟ್ಟಿತು. ನಮ್ಮ ಸಭಾಪಾಲಕರ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕೋರು ಸೆರಗಿನಲ್ಲಿ ತಲೆ ಹುದುಗಿಸಿದ್ದರು.

"ಏನು ಒಡೆಯಿತು?" ಎಂದು ಬಿಷಪ್ಪರು ಕೇಳಿದರು.

ದಾನಿಯಪ್ಪ ಎದ್ದು ಕೈಮುಗಿದ. "ತಪ್ಪಾತ್ರಿ ಸ್ವಾಮಿ. ಹೋಲಿಕಿ ಒಡೀತ್ರಿ. ರೂಢಿ ಬಿದ್ದೈತ್ರಿ, ಬಾಯಿ ತಡೀಲಿಲ್ರಿ." ವಿಷಯ ತಿಳಿದ ಮೇಲೆ ಬಿಷಪ್ಪರು ಪೀಠವನ್ನು ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಡೆಯುತ್ತದೆ ಎಂದು ನನಗೂ ಗೊತ್ತು. ಇಷ್ಟು ದಿನ ಯಾರೂ ಹಿಡಿಯಲಿಲ್ಲ ಅಷ್ಟೆ. ಹಾಗಾದರೆ ಒಡೆಯದ್ದು ಯಾರ ಬಳಿ ಇದೆ?"

ಎಲ್ಲರೂ ಅಕ್ಕೋರ ಕಡೆ ತಿರುಗಿದರು. ಅವರು ಎದ್ದರು, ಮುಂದಿನ ಬೆಂಚು ಸೀನಿತು. "ನನ್ನ ಕಡೆ ಇಲ್ರಿ. ಆದ್ರ ಅಲ್ಲೊಬ್ಬಾಕಿ ಹುಡುಗಿ ಕುಂತಾಳ್ರಿ, ನಿಂದ್ರಲೋ ಬ್ಯಾಡೋ ಅಂತ ಇನ್ನೂ ವಿಚಾರ ಮಾಡಾಕತ್ತಾಳ. ಆಕಿನ್ನ ಕೇಳ್ರಿ, ಸುಳ್ಳು ಹೇಳೂದಿಲ್ಲ ಆಕಿ."

ನಾನು ಎದ್ದೆ. "ನನಗ ಲೆಕ್ಕ ಇನ್ನೂ ತಿಳಿದಿಲ್ರಿ," ಎಂದೆ. "ಆದ್ರ ದೇವರು ಯಾವತ್ತೂ ಒಂಟಿ ಇರಲಿಲ್ಲ. ಲೋಕ ಇರದಾಗನೂ ಅಲ್ಲಿ ಪ್ರೀತಿ ಇತ್ತು. ತಂದಿ, ಮಗ, ಪವಿತ್ರಾತ್ಮ ಒಬ್ಬರನ್ನ ಬಿಟ್ಟು ಒಬ್ಬರು ಇದ್ದಿಲ್ಲ. ಆ ಪ್ರೀತಿಯೊಳಗ ನಮಗೂ ಜಾಗಾ ಐತಿ ಅಂತ ಹೇಳಾಕ ಮಗ ಬಂದ. ಇಷ್ಟನ್ನ ನಾ ನಂಬತೇನಿ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ತಿಳಿದದ್ದು. ನಂಬತೇನಿ! ಯಾರೂ ನನ್ನ ಬಾಯಲ್ಲಿ ತುರುಕಿರಲಿಲ್ಲ. ಬಿಷಪ್ಪರು ಕೈಚಾಚಿ, "ಬಾ ಮಗಳೇ," ಎಂದರು. ನಾನು ಓಡಿದೆ ಎಂದೇ ಎಲ್ಲರೂ ಹೇಳುತ್ತಾರೆ. ಮೊಣಕಾಲೂರಿ ತಿರುಗಿ ನೋಡಿದರೆ, ಅವ್ವ ಅಳುತ್ತಿದ್ದಳು, ಅಕ್ಕೋರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅವರ ಬೆಂಚಿನವರು ಅವರನ್ನು ಸೆರಗು ಹಿಡಿದು ಕೂರಿಸಲು ನೋಡುತ್ತಿದ್ದರು.

ಈಗ ನಾನು ಹಾವೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಅಕ್ಕೋರು ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡರು. ಹಾಲು ಕೊಡಲು ಹೋದ ಶಂಕ್ರವ್ವ ಮೊದಲು ನೋಡಿದವಳು. ಸುದ್ದಿ ಕೇಳಿ ನನಗೆ ಸಿಟ್ಟು ಬಂತು, ಇನ್ನೂ ಎಷ್ಟೋ ಕೇಳುವುದಿತ್ತು. ಮಣ್ಣು ಮುಗಿಸಿ ಅವರ ಮನೆಗೆ ಬಂದಾಗ ಓಣಿಯ ತುಂಬ ಮೆಣಸಿನಕಾಯಿಯ ಕೆಂಪು ರಾಶಿ ಒಣಗುತ್ತಿತ್ತು. ಶಂಕ್ರವ್ವ ಕಟ್ಟೆಯ ಮೇಲೆ ಕುಳಿತು ತನ್ನನ್ನೇ ಬೈದುಕೊಳ್ಳುತ್ತಿದ್ದಳು. "ನಾ ಸ್ವಲ್ಪ ಲಗೂನ ಹೋಗಿದ್ರ ಬರೋಬರಿ ಇತ್ತು. ಮಕ್ಕಳಿಲ್ಲ, ಮರಿಯಿಲ್ಲ. ಕಡೀ ಉಸರಿಗೆ ನೀರು ಬಿಡಾಕ ಒಬ್ಬರಿಲ್ಲ. ಪಾಪ, ಅಕ್ಕೋರು ಒಂಟಿ ಹೋದ್ರವಾ."

ನಾನು ಅವಳ ಪಕ್ಕ ಕುಳಿತೆ. ಖಾರ ಹತ್ತಿದ ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಯೋಚಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಇಲ್ಲಬೇ ಶಂಕ್ರವ್ವ," ಎಂದೆ. "ಅಕ್ಕೋರು ಒಂಟಿ ಇರಲಿಲ್ಲ."