ಖಂಡೇ ಪೂಜೆಗೆ ತೊಳೆದ ಗಾಲಿಕುರ್ಚಿ

ತಂಗಿಯನ್ನು ಹೊತ್ತು ತಿರುಗುವ ಅಣ್ಣ ಎಂದು ನನ್ನ ಅಣ್ಣ ನಮ್ಮೂರು ಕಮಲಾಪುರದ ತುಂಬ ಹೆಸರಾಗಿದ್ದ. ಪೋಲಿಯೊದಿಂದ ಕಾಲು ಹೋದದ್ದು ನನ್ನದು, ಹೆಸರು ಬಂದದ್ದು ಅವನಿಗೆ. ಕಲಬುರಗಿಯಲ್ಲಿ ನನಗೆ ಟೈಪಿಸ್ಟ್ ನೌಕರಿ ಸಿಕ್ಕಮೇಲೂ ಸೇಡಂ ರಸ್ತೆಯ ಅವನ ಮನೆಯಿಂದ ಜಗತ್ ವೃತ್ತದ ಹತ್ತಿರದ ಕಚೇರಿಗೆ ಬೈಕಿನ ಮೇಲೆ ಅವನೇ ಒಯ್ಯುತ್ತಿದ್ದ, ಎಲ್ಲರೆದುರು ಎತ್ತಿ ಕೂಡಿಸುತ್ತಿದ್ದ. "ದೇವರಂಥ ಅಣ್ಣ ಬಿಡ್ರಿ" ಎನ್ನುತ್ತಿದ್ದರು. ಗಂಜ್ ಮಾರುಕಟ್ಟೆಯಲ್ಲಿ ಆ ದೇವರ ತೊಗರಿ ಸೌದಾ ಮುಗಿಯುವುದು ತಡವಾದರೆ, ನಾನು ಕತ್ತಲಾಗುವತನಕ ಉಚ್ಚೆ ತಡೆದುಕೊಂಡು ಕೂತಿರಬೇಕಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಬಳ ಕೂಡಿಟ್ಟು ಬ್ಯಾಟರಿ ಗಾಲಿಕುರ್ಚಿ ತರಿಸಿದೆ. ಒಮ್ಮೆ ಚಾರ್ಜ್ ಮಾಡಿದರೆ ಕಚೇರಿಗೆ ಹೋಗಿ ಬರುವಷ್ಟು ದಮ್ಮು ಅದಕ್ಕಿತ್ತು, ಹೆಚ್ಚಿಲ್ಲ. ಜೊತೆಗೆ ಬಂದ ಪುಸ್ತಿಕೆ ನನಗೆ ಬಾಯಿಪಾಠ. ಬ್ಯಾಟರಿ ಕೊಟ್ಟಿದ್ದೆಲ್ಲ ಗಾಲಿಗೆ ಮುಟ್ಟುವುದಿಲ್ಲ. ಮೋಟರ್ ಒಂದಿಷ್ಟು ತಿನ್ನುತ್ತದೆ, ಗೇರುಪೆಟ್ಟಿಗೆ ಇನ್ನೊಂದಿಷ್ಟು, ಉಳಿದದ್ದರಲ್ಲಿ ಗಾಲಿ ಓಡಬೇಕು. ತೂತಿನ ಕೊಡದಲ್ಲಿ ನೀರು ತಂದ ಹಾಗೆ. ತೂತು ಸಣ್ಣದಿರುವತನಕ ನಾನು ಯಾರನ್ನೂ ಕೇಳದೆ ಹೋದೆ, ಬಂದೆ, ದಾರಿಯಲ್ಲಿ ನಿಂತು ಮಿರ್ಚಿಭಜಿ ತಿಂದೆ. ಅಂಥ ಸುಖ ಅದಕ್ಕೂ ಮೊದಲು ಕಂಡಿರಲಿಲ್ಲ. ಅಣ್ಣನ ಮುಖ ಮಾತ್ರ ಸಣ್ಣದಾಗಿತ್ತು.

ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಮನೆಯ ಗಾಲಿಗಳೆಲ್ಲ ಕಮಲಾಪುರದ ನಮ್ಮ ಬಾಳೆ ತೋಟದಲ್ಲಿ ಕೂಡಬೇಕು, ಪಂಪಿನ ನೀರಲ್ಲಿ ಮೈತೊಳೆಯಬೇಕು. ಅದು ನಮ್ಮ ಪದ್ಧತಿ. ಕುರ್ಚಿಯನ್ನೂ ಟೆಂಪೊದಲ್ಲಿ ಹಾಕಿ ಒಯ್ದರು. ಒರೆಸಿದರೆ ಸಾಕು ಎಂದು ಹಾದಿಯುದ್ದ ಹೇಳಿದ್ದೆ. ಟ್ರ್ಯಾಕ್ಟರ್ ತೊಳೆದ ಪೈಪನ್ನೇ ಅಣ್ಣ ಅದರ ಕಡೆ ತಿರುಗಿಸಿದ.

"ಅಣ್ಣಾ, ಗೇರಿನೊಳಗ ನೀರು ಹೋಗ್ತದ, ಬ್ಯಾಡ!" ಎಂದು ನನ್ನನ್ನು ಕೂಡಿಸಿದ್ದ ಕಟ್ಟೆಯ ಮೇಲಿಂದ ಚೀರಿದೆ.

"ಸುಮ್ಮ ಕೂಡು ತಂಗಿ. ಹೊಲಸು ಗಾಡಿಗಿ ಯಾರರ ಪೂಜಿ ಮಾಡ್ತಾರೇನು? ಟ್ರ್ಯಾಕ್ಟರಿಗಿ ಏನೂ ಆಗಿಲ್ಲ, ಇದಕ್ಕೇನಾಗ್ತದ?"

ಹೋಗಿ ಪೈಪು ಕಸಿಯಲು ನನಗಿದ್ದ ಕಾಲೆಂದರೆ ಆ ಕುರ್ಚಿ. ಅದೇ ನೀರಲ್ಲಿ ತೋಯುತ್ತಿತ್ತು.

ಮರುದಿನ ಗೇರು ಗುರುಗುಟ್ಟಿತು. ನಮ್ಮದು ಬಂಡಿಯ ಕೀಲಿಗೆ ಎಣ್ಣೆ ಹಾಕಿ ಬೆಳೆದ ಮನೆ. ನಾನು ಒಳಗೆ ಊಟಕ್ಕೆ ಕೂತಾಗ ಅಣ್ಣ ಪೆಟ್ಟಿಗೆ ಬಿಚ್ಚಿ ಟ್ರ್ಯಾಕ್ಟರಿನ ಗಟ್ಟಿ ಗ್ರೀಸನ್ನು ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದ. ಸದ್ದು ನಿಂತಿತೆಂದು ಮೀಸೆ ತಿರುವಿದ. ಕಲಬುರಗಿಗೆ ಮರಳಿದ ಮೇಲೆ ತಿಳಿಯಿತು, ಆ ಸಣ್ಣ ಮೋಟರಿನ ದಮ್ಮೆಲ್ಲ ಗ್ರೀಸು ಕಲಸುವುದಕ್ಕೇ ಹೋಗುತ್ತಿತ್ತು. ಪೆಟ್ಟಿಗೆ ಮುಟ್ಟಿದರೆ ಕಾದ ಹೆಂಚು. ಹೇಗೋ ಕಚೇರಿ ಮುಟ್ಟುತ್ತಿದ್ದೆ, ಮರಳುವಾಗ ನಡುದಾರಿಯಲ್ಲಿ ಕುರ್ಚಿ ನಿಲ್ಲುತ್ತಿತ್ತು. ಕೆಲವೇ ದಿನಕ್ಕೆ ಮೋಟರೂ ಸುಟ್ಟಿತು. ಹೊಸದು ಮುಂಬೈಯಿಂದ ಬರಬೇಕೆಂದರು, ಬರಲಿಲ್ಲ.

ಅಣ್ಣ ಮತ್ತೆ ಬೈಕ್ ತೆಗೆದ. "ನಾ ಇದ್ದೀನಲ್ಲ, ಯಾಕ ಅಳ್ತಿ?" ಎಂದು ಎತ್ತಿಕೊಂಡ. ಅವನಿಗೆ ಖುಷಿಯಾಗಿತ್ತು. ಇಂದಿಗೂ ನಾನು ಅದನ್ನು ಕ್ಷಮಿಸಿಲ್ಲ.

ಮುಂದಿನ ವರ್ಷದ ಪೂಜೆಗೆ, ತೋಟದ ದನದ ಕೊಟ್ಟಿಗೆಗೆ ಹಾಕಿದ್ದ ಸತ್ತ ಕುರ್ಚಿಯನ್ನು ತೆಗೆದು ಮತ್ತೆ ತೊಳೆದರು. ಚೆಂಡುಹೂವಿನ ಮಾಲೆ ಹಾಕಿದರು, ನನ್ನನ್ನು ಎತ್ತಿ ಅದರಲ್ಲಿ ಕೂಡಿಸಿದರು, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು. ಗಾಲಿ ಹಾಯ್ದು ಅದು ಒಡೆದರೇ ಪೂಜೆ ಮುಗಿದಂತೆ. ತುಕ್ಕು ಹಿಡಿದ ಗೇರು ಕಚ್ಚಿಕೊಂಡು ಕುರ್ಚಿ ತಳ್ಳಿದರೂ ಕದಲಲಿಲ್ಲ. ಅಣ್ಣ ಮತ್ತು ಕಾಕಾ ನನ್ನ ಸಮೇತ ಅದನ್ನು ಎತ್ತಿ ನಿಂಬೆಹಣ್ಣಿನ ಮೇಲೆ ಕುಕ್ಕಿದರು. ಹಣ್ಣು ಒಡೆಯಿತು. ಎಲ್ಲರೂ ಕೈಮುಗಿದರು.